ಇಸಿಟಿ ಹೇಗೆ ಕೊಟ್ಟರೆ ಹೆಚ್ಚು ಗುಣ? ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಮ್ಮನಿಗೆ ಎರಡು ಸಲ ಇಸಿಟಿ ಚಿಕಿತ್ಸೆ ಆಗಿದೆ. ಇಸಿಟಿ ಅಂದರೆ ಎಲೆಕ್ಟ್ರೋ ಕನ್ವಲ್ಸಿವ್ ಥೆರಪಿ: ತಲೆಗೆ ಸ್ವಲ್ಪ ಕರೆಂಟ್ ಹರಿಸಿ, ಮೆದುಳಿನಲ್ಲಿ ಫಿಟ್ಸ್ ಬರಿಸಿ ತೀವ್ರ ಮಾನಸಿಕ ಕಾಯಿಲೆ ಗುಣಪಡಿಸುವ ಚಿಕಿತ್ಸೆ. ಮೊದಲ ಸಲ ಆರು ಬಾರಿ ಕೊಟ್ಟರು. ತಿಂಗಳುಗಟ್ಟಲೆ ಗೋಡೆ ನೋಡುತ್ತಾ ಮಲಗಿದ್ದ ಅಮ್ಮ ಎದ್ದು ಕೂತರು, ಊಟ ಕೇಳಿದರು. ಮೂರೇ ತಿಂಗಳಿಗೆ ಮತ್ತೆ ಹಾಸಿಗೆ ಹಿಡಿದರು. ಎರಡನೇ ಸಲ ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಕೊಟ್ಟಿದ್ದೂ ಇಸಿಟಿಯೇ, ಆದರೆ ಕೊಟ್ಟ ರೀತಿ ಬೇರೆ, ಆಮೇಲೆ ನೋಡಿಕೊಂಡ ರೀತಿ ಬೇರೆ. ಆ ವ್ಯತ್ಯಾಸ ಏನು ಅಂತ ತಿಳಿದುಕೊಳ್ಳಲು ಹೊರಟ ನಾನು ಓದುತ್ತಾ, ವೈದ್ಯರನ್ನು ಕೇಳುತ್ತಾ ಇಷ್ಟು ದೂರ ಬಂದಿದ್ದೇನೆ. ಈಗ ವಾರ್ಡಿನ ಹೊರಗೆ ಗಾಬರಿಯಿಂದ ಕೂತ ಮನೆಯವರು ಸಿಕ್ಕರೆ ಮಾತಾಡಿಸುತ್ತೇನೆ. ಅವರು ಕೇಳುವ ಪ್ರಶ್ನೆಗಳೇ ಇಲ್ಲಿವೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮನೆಯವರ ವಿಷಯದಲ್ಲಿ ಕೊನೆಯ ಮಾತು ಅವರನ್ನು ನೋಡುತ್ತಿರುವ ಮನೋವೈದ್ಯರದ್ದು.

ಇಸಿಟಿ ಅಂದ್ರೆ ಸಿನಿಮಾದಲ್ಲಿ ತೋರಿಸೋ ಕರೆಂಟ್ ಶಾಕ್ ತಾನೇ?

ಸಿನಿಮಾದಲ್ಲಿ ಎಚ್ಚರ ಇರುವ ಮನುಷ್ಯನನ್ನು ಕಟ್ಟಿಹಾಕಿ, ಅವನು ಕಿರುಚುತ್ತಿದ್ದರೂ ಕರೆಂಟ್ ಕೊಡುತ್ತಾರೆ. ಆಸ್ಪತ್ರೆಯಲ್ಲಿ ನಡೆಯುವುದು ಹೀಗೆ: ಮೊದಲು ಅರಿವಳಿಕೆ ಕೊಟ್ಟು ನಿದ್ದೆ ಬರಿಸುತ್ತಾರೆ. ಆಮೇಲೆ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿಯಿಂದ ಸ್ನಾಯುಗಳನ್ನು ಸಡಿಲ ಮಾಡುತ್ತಾರೆ. ಮಾಸ್ಕ್ ಇಟ್ಟು ಆಮ್ಲಜನಕ ಕೊಡುತ್ತಾರೆ. ನಾಲಿಗೆ, ಹಲ್ಲಿಗೆ ಪೆಟ್ಟಾಗದಂತೆ ಬಾಯಲ್ಲಿ ಮೆತ್ತನೆಯ ಅಡ್ಡಿ ಇಡುತ್ತಾರೆ. ನಂತರ ಕೆಲವೇ ಸೆಕೆಂಡು ಸಣ್ಣ ಸಣ್ಣ ತುಣುಕುಗಳಾಗಿ ಕರೆಂಟ್ ಹರಿಸುತ್ತಾರೆ. ಮೆದುಳಿನಲ್ಲಿ ಫಿಟ್ಸ್ ಬರುತ್ತದೆ. ಹೊರಗೆ ಕಾಣುವುದು ಕಾಲಿನ ಬೆರಳು ಸ್ವಲ್ಪ ಅಲುಗಿದ್ದು ಮಾತ್ರ. ಹತ್ತು ಹದಿನೈದು ನಿಮಿಷದಲ್ಲಿ ಎಚ್ಚರವಾಗಲು ಶುರುವಾಗುತ್ತದೆ.

ಅರಿವಳಿಕೆ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಕಾಯ್ದೆ ಜಾರಿಗೆ ಬಂದಿದ್ದು 2018ರ ಮೇ 29ರಂದು. 18 ವರ್ಷದೊಳಗಿನವರಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಪೂರ್ವ ಅನುಮತಿಯೂ ಬೇಕು.

ಗುಣ ಮಾಡೋದು ಕರೆಂಟಾ, ಫಿಟ್ಸಾ?

ಇದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು. 1934ರಲ್ಲಿ ಬುಡಾಪೆಸ್ಟ್‌ನ ಮೆಡೂನಾ ಎಂಬ ವೈದ್ಯರು ಕರ್ಪೂರದ ಎಣ್ಣೆಯ ಚುಚ್ಚುಮದ್ದು ಕೊಟ್ಟು ಫಿಟ್ಸ್ ಬರಿಸಿದರು. ಕರೆಂಟ್ ಇರಲೇ ಇಲ್ಲ. ಆದರೂ ಕಲ್ಲಿನಂತೆ ಕೂತಿದ್ದ ಕೆಲವು ರೋಗಿಗಳು ಚೇತರಿಸಿಕೊಂಡರು. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ, ಔಷಧಿಯ ಬದಲು ಕರೆಂಟಿನಿಂದ ಫಿಟ್ಸ್ ಬರಿಸಿದರು. 1960ರಲ್ಲಿ ಸ್ವೀಡನ್ನಿನ ಒಟ್ಟೊಸ್ಸೊನ್ ಇನ್ನೊಂದು ದಿಕ್ಕಿನಿಂದ ನೋಡಿದರು. ಔಷಧಿ ಕೊಟ್ಟು ಫಿಟ್ಸನ್ನು ಮೊಟಕು ಮಾಡಿದರೆ, ಕರೆಂಟ್ ಹರಿದಿದ್ದರೂ ಗುಣ ಕಡಿಮೆ. ಹಾಗಾಗಿ ಫಿಟ್ಸ್ ಬಂದರೆ ಸಾಕು, ಎಷ್ಟು ಕರೆಂಟ್ ಎನ್ನುವುದು ಮುಖ್ಯವಲ್ಲ ಎಂದೇ ಬಹಳ ಕಾಲ ವೈದ್ಯರು ನಂಬಿದ್ದರು.

ಆ ನಂಬಿಕೆ ಪೂರ್ತಿ ಸರಿಯಲ್ಲ ಅಂತ ಗೊತ್ತಾಗಿದ್ದು ನ್ಯೂಯಾರ್ಕಿನ ಹೆರಾಲ್ಡ್ ಸ್ಯಾಕೈಮ್ ಮತ್ತು ಸಂಗಡಿಗರ ಕೆಲಸದಿಂದ. 1993ರಲ್ಲಿ ಅವರು ಖಿನ್ನತೆಯ ರೋಗಿಗಳನ್ನು ನಾಲ್ಕು ಗುಂಪು ಮಾಡಿದರು. ತಲೆಯ ಬಲಗಡೆ ಮಾತ್ರ, ಫಿಟ್ಸ್ ಬರಲು ಬೇಕಾದಷ್ಟೇ ಕರೆಂಟ್ ಕೊಟ್ಟ ಗುಂಪಿನಲ್ಲಿ ಎಲ್ಲರಿಗೂ ಫಿಟ್ಸ್ ಬಂತು, ಆದರೆ ಸುಧಾರಿಸಿದವರು ಶೇ. 17 ಮಾತ್ರ. ಅದೇ ಬಲಗಡೆಗೆ ಹೆಚ್ಚು ಡೋಸ್ ಕೊಟ್ಟಾಗ ಶೇ. 43. ಎರಡೂ ಕಡೆ ಕೊಟ್ಟವರಲ್ಲಿ ಡೋಸ್ ಕಡಿಮೆ ಇದ್ದರೂ ಶೇ. 65. ಅಂದರೆ ಫಿಟ್ಸ್ ಬರಲೇಬೇಕು, ಆದರೆ ಬಂದ ಮಾತ್ರಕ್ಕೆ ಕೆಲಸ ಆಯಿತು ಎನ್ನುವಂತಿಲ್ಲ. ಎಲ್ಲಿ ಕೊಟ್ಟರು, ಎಷ್ಟು ಕೊಟ್ಟರು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮ್ಮನ ಮೊದಲ ಆರು ಇಸಿಟಿಗಳಲ್ಲಿ ಎಲ್ಲಿ, ಎಷ್ಟು ಕೊಟ್ಟರು ಅಂತ ನಾವು ಯಾರೂ ಕೇಳಿರಲಿಲ್ಲ.

ಹಾಗಾದ್ರೆ ತಲೆಯ ಯಾವ ಕಡೆ ಕೊಟ್ಟರೆ ಒಳ್ಳೆಯದು?

ಮುಖ್ಯವಾಗಿ ಮೂರು ಬಗೆ ಇದೆ. ಎರಡೂ ಕಣತಲೆಗಳಿಗೆ, ಅಂದರೆ ಕಣ್ಣಿಗೂ ಕಿವಿಗೂ ನಡುವಿನ ಭಾಗಕ್ಕೆ, ಕೊಡುವುದು ಹಳೆಯ ಕ್ರಮ. ಬೇಗ ಗುಣ ಕಾಣುತ್ತದೆ, ಮರೆವು ಜಾಸ್ತಿ. ಬಲಗಡೆ ಮಾತ್ರ ಕೊಡುವುದರಲ್ಲಿ ಮರೆವು ಕಡಿಮೆ, ಆದರೆ ಡೋಸ್ ಧಾರಾಳವಾಗಿ ಇರಬೇಕು. 2000ದಲ್ಲಿ ಅದೇ ಸ್ಯಾಕೈಮ್ ತಂಡ, ಫಿಟ್ಸ್ ಬರಲು ಬೇಕಾದ ಕನಿಷ್ಠ ಪ್ರಮಾಣದ ಆರು ಪಟ್ಟು ಬಲಗಡೆ ಕೊಟ್ಟು ನೋಡಿತು. ಎರಡೂ ಕಡೆ ಕೊಟ್ಟಷ್ಟೇ ಗುಣ ಸಿಕ್ಕಿತು, ಮರೆವಿನ ತೊಂದರೆ ಅದಕ್ಕಿಂತ ಕಡಿಮೆ ಇತ್ತು.

ಮೂರನೆಯದು ಹಣೆಯ ಎರಡೂ ಬದಿಗೆ ಕೊಡುವುದು. ಇದರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾಡಿದ ಕೆಲಸ ದೊಡ್ಡದು. ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ಧ್ವನಿ ಕೇಳಿಸುವಂಥ ತೀವ್ರ ಮಾನಸಿಕ ಕಾಯಿಲೆ) ಇದ್ದವರಲ್ಲಿ ಹಣೆಗೆ ಕೊಡುವುದನ್ನೂ ಕಣತಲೆಗೆ ಕೊಡುವುದನ್ನೂ ಅಲ್ಲಿ ಹೋಲಿಸಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹಣೆಗೆ ಕೊಟ್ಟವರು ಬೇಗ ಸುಧಾರಿಸಿದರು, ನೆನಪಿನ ಶಕ್ತಿಯೂ ಅವರಲ್ಲೇ ಚೆನ್ನಾಗಿ ಉಳಿಯಿತು. ಪಶ್ಚಿಮದ ದೇಶಗಳಲ್ಲಿ ಇಸಿಟಿ ಹೆಚ್ಚಾಗಿ ಖಿನ್ನತೆಗೆ ಬಳಕೆಯಾಗುತ್ತದೆ. ನಮ್ಮಲ್ಲಿ ಸ್ಕಿಜೋಫ್ರೇನಿಯಾಕ್ಕೂ ಬಹಳ ಬಳಸುತ್ತಾರೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಬರಬೇಕಿತ್ತು, ಬಂತು. ನನಗೆ ಅದು ಹೆಮ್ಮೆಯ ವಿಷಯ.

ನಿಮ್ಮವರಿಗೆ ಯಾವುದು? ತುಂಬಾ ತುರ್ತು ಇದ್ದರೆ, ಉದಾಹರಣೆಗೆ ಊಟ ನೀರು ಬಿಟ್ಟಿದ್ದರೆ, ಆತ್ಮಹತ್ಯೆಯ ಯೋಚನೆ ಬಲವಾಗಿದ್ದರೆ, ವೈದ್ಯರು ಎರಡೂ ಕಡೆ ಕೊಡುವುದನ್ನೇ ಆರಿಸಬಹುದು. ಸ್ವಲ್ಪ ಕಾಲಾವಕಾಶ ಇದ್ದು, ಓದು ಅಥವಾ ಕೆಲಸಕ್ಕೆ ನೆನಪು ಬಹಳ ಮುಖ್ಯವಾಗಿದ್ದರೆ ಬಲಗಡೆಯಿಂದ ಶುರು ಮಾಡಬಹುದು. ಆರು ಸಲ ಆದರೂ ಏನೂ ಬದಲಾವಣೆ ಕಾಣದಿದ್ದರೆ ತಲೆಯ ಮೇಲೆ ಕೊಡುವ ಜಾಗ ಬದಲಿಸಬಹುದಾ ಅಂತ ಕೇಳಿ. ಕೇಳಿದ್ದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ.

ಡೋಸ್ ಎಷ್ಟು ಅಂತ ಹೇಗೆ ಗೊತ್ತಾಗುತ್ತೆ?

ಪ್ರತಿಯೊಬ್ಬರಿಗೂ ಫಿಟ್ಸ್ ಬರಲು ಬೇಕಾದ ಕನಿಷ್ಠ ಕರೆಂಟ್ ಬೇರೆ ಬೇರೆ. ವಯಸ್ಸಾದಂತೆ ಅದು ಏರುತ್ತದೆ. ಹೆಂಗಸರಿಗಿಂತ ಗಂಡಸರಿಗೆ ಸಾಮಾನ್ಯವಾಗಿ ಹೆಚ್ಚು ಬೇಕು. ಮೊದಲ ದಿನ ಕಡಿಮೆಯಿಂದ ಶುರು ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಎಲ್ಲಿ ಫಿಟ್ಸ್ ಬಂತೋ ಅದೇ ಇವರ ಮಿತಿ ಅಂತ ಗುರುತಿಸುತ್ತಾರೆ. ಮುಂದಿನ ಸಲದಿಂದ, ಎರಡೂ ಕಡೆ ಆದರೆ ಅದರ ಒಂದೂವರೆಯಿಂದ ಎರಡೂವರೆ ಪಟ್ಟು, ಬಲಗಡೆ ಆದರೆ ಸುಮಾರು ಆರು ಪಟ್ಟು ಕೊಡುವುದು ವಾಡಿಕೆ. ವಯಸ್ಸು ನೋಡಿ ಒಂದು ಅಂದಾಜಿನ ಡೋಸ್ ಇಡುವ ಕ್ರಮವೂ ಉಂಟು. ಆದರೆ ಅಳೆದು ನೋಡಿದರೆ ಅಗತ್ಯಕ್ಕಿಂತ ಜಾಸ್ತಿಯೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ.

ಒಂದು ವಿಷಯ ನೆನಪಿಡಿ. ಇಸಿಟಿ ಕೊಡುತ್ತಾ ಹೋದಂತೆ ಈ ಮಿತಿ ಏರುತ್ತಾ ಹೋಗುತ್ತದೆ. ಮೊದಲ ವಾರ ಸಾಕಾಗಿದ್ದ ಡೋಸ್ ಮೂರನೇ ವಾರ ಸಾಕಾಗದೆ ಹೋಗಬಹುದು. "ಡೋಸ್ ಏರಿಸಿದ್ದಾರೆ, ಕಾಯಿಲೆ ಜಾಸ್ತಿ ಆಯ್ತಾ?" ಅಂತ ಒಬ್ಬ ಅಣ್ಣ ಅಳುತ್ತಾ ಕೇಳಿದ್ದರು. ಹಾಗಲ್ಲ. ಮೆದುಳು ಫಿಟ್ಸ್‌ಗೆ ಒಗ್ಗಿಕೊಂಡಿದೆ, ಅದಕ್ಕೆ ಏರಿಸಿದ್ದಾರೆ.

ತುಣುಕು ಕರೆಂಟಿನಲ್ಲೂ ಬೇರೆ ಬೇರೆ ಬಗೆ ಇದೆಯಂತೆ?

ಹೌದು. ಸಾಮಾನ್ಯ ಮೆಶೀನಿನಲ್ಲಿ ಒಂದೊಂದು ತುಣುಕು ಅರ್ಧದಿಂದ ಒಂದೂವರೆ ಮಿಲಿಸೆಕೆಂಡ್ ಇರುತ್ತದೆ. ಅದಕ್ಕಿಂತಲೂ ಚಿಕ್ಕದು, ಸುಮಾರು 0.3 ಮಿಲಿಸೆಕೆಂಡಿನದು, ಮರೆವನ್ನು ಇನ್ನೂ ಕಡಿಮೆ ಮಾಡುತ್ತದೆ. ಆದರೆ ಅದರ ಬಲವೂ ಸ್ವಲ್ಪ ಕಡಿಮೆ, ಒಂದೆರಡು ಸಲ ಹೆಚ್ಚಿಗೆ ಬೇಕಾಗಬಹುದು. ಅದನ್ನು ಬಲಗಡೆಗೆ ಮಾತ್ರ ಬಳಸುವುದು ಒಳ್ಳೆಯದು.

"ಇವತ್ತು ಫಿಟ್ಸ್ ಸರಿಯಾಗಿ ಬರಲಿಲ್ಲ" ಅಂದರು. ಯಾಕೆ?

ಇದು ಮನೆಯವರ ಕೈಯಲ್ಲಿ ನಿಜವಾಗಿಯೂ ಏನಾದರೂ ಇರುವ ಜಾಗ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಕಾರಣ ಮಾತ್ರೆಗಳು. ಲೊರಾಜೆಪಾಮ್, ಕ್ಲೊನಾಜೆಪಾಮ್, ಡಯಾಜೆಪಾಮ್ ಥರದ ನಿದ್ದೆ ಮಾತ್ರೆಗಳು ಫಿಟ್ಸ್ ತಡೆಯುವ ಔಷಧಿಗಳೂ ಹೌದು. ಮೂಡ್ ಸರಿಪಡಿಸಲು ಕೊಡುವ ವಾಲ್ಪ್ರೋಯೇಟ್, ಕಾರ್ಬಮಜೆಪಿನ್ ಕೂಡ ಅದೇ ಜಾತಿಯವು. ಒಂದು ಕಡೆ ಫಿಟ್ಸ್ ಬರಿಸುವ ಪ್ರಯತ್ನ, ಇನ್ನೊಂದು ಕಡೆ ಅದನ್ನು ತಡೆಯುವ ಮಾತ್ರೆ. ಹಾಗಾಗಿ ಸಾಧ್ಯವಿದ್ದಲ್ಲಿ ವೈದ್ಯರು ಇವನ್ನು ಕಡಿಮೆ ಮಾಡುತ್ತಾರೆ, ಇಲ್ಲವೇ ಹಿಂದಿನ ರಾತ್ರಿಯ ಡೋಸ್ ಬಿಡಿಸುತ್ತಾರೆ. ಲೊರಾಜೆಪಾಮ್ ನಿಲ್ಲಿಸಲು ಆಗದೇ ಇದ್ದರೆ, ಇಸಿಟಿಗೆ ಮುಂಚೆ ಫ್ಲುಮಜೆನಿಲ್ ಕೊಟ್ಟು ಅದರ ಪರಿಣಾಮವನ್ನು ತಾತ್ಕಾಲಿಕವಾಗಿ ತೆಗೆಯುವ ದಾರಿಯೂ ಇದೆ. ಆದರೆ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ವರ್ಷಗಟ್ಟಲೆ ತಿಂದ ನಿದ್ದೆ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಅಪಾಯ. ನೀವು ಮಾಡಬೇಕಾದ್ದು ಇಷ್ಟು: ಮನೆಯಲ್ಲಿ ಏನೇನು ಕೊಡುತ್ತಿದ್ದೀರಿ ಅಂತ ಒಂದನ್ನೂ ಬಿಡದೆ ಹೇಳುವುದು. ಊರಿನ ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದ ನಿದ್ದೆ ಮಾತ್ರೆ ಇದ್ದರೆ ಅದನ್ನೂ ಹೇಳಿ. ನಮ್ಮ ಅಮ್ಮನ ದಿಂಬಿನ ಕೆಳಗೆ ಅಂಥದ್ದೊಂದು ಸ್ಟ್ರಿಪ್ ಇತ್ತು. ಎರಡು ಇಸಿಟಿ ಮುಗಿದ ಮೇಲೆ ಸಿಕ್ಕಿತು.

ಮೂಡ್ ಸರಿಪಡಿಸಲು ಕೊಡುವ ಲಿಥಿಯಂ ಬೇರೆ ಥರ. ಅದು ಫಿಟ್ಸನ್ನು ತಡೆಯುವುದಿಲ್ಲ, ಆದರೆ ಇಸಿಟಿ ನಂತರದ ಗೊಂದಲವನ್ನು ಹೆಚ್ಚಿಸಬಹುದು. ರಕ್ತದಲ್ಲಿ ಅದರ ಮಟ್ಟ ನೋಡಿ ತೀರ್ಮಾನಿಸುತ್ತಾರೆ.

ಎರಡನೆಯದು ಅರಿವಳಿಕೆ. ಥಯೋಪೆಂಟೋನ್, ಪ್ರೊಪೊಫಾಲ್ ಕೂಡ ಫಿಟ್ಸನ್ನು ಸ್ವಲ್ಪ ತಗ್ಗಿಸುತ್ತವೆ. ಜಾಸ್ತಿಯಾದರೆ ಫಿಟ್ಸ್ ಮೊಟಕಾಗುತ್ತದೆ. ಅಂಥ ಸಂದರ್ಭದಲ್ಲಿ ಅರಿವಳಿಕೆ ವೈದ್ಯರು ಡೋಸ್ ಇಳಿಸಬಹುದು, ಎಟೊಮಿಡೇಟ್ ಅಥವಾ ಕೆಟಮಿನ್‌ಗೆ ಬದಲಿಸಬಹುದು. ಅರಿವಳಿಕೆ ಕೊಟ್ಟ ಕೂಡಲೇ ಕರೆಂಟ್ ಕೊಡದೆ ಒಂದೆರಡು ನಿಮಿಷ ತಡೆದು ಕೊಟ್ಟರೂ ಫಿಟ್ಸ್ ಚೆನ್ನಾಗಿ ಬರುತ್ತದೆ. ಕರೆಂಟ್ ಕೊಡುವ ಮುಂಚೆ ಮಾಸ್ಕಿನಿಂದ ಬೇಗ ಬೇಗ ಉಸಿರು ತುಂಬಿಸುವುದು ಖರ್ಚಿಲ್ಲದ, ಸರಳವಾದ ಉಪಾಯ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾದರೆ ಫಿಟ್ಸ್ ಸುಲಭವಾಗಿ ಹರಡುತ್ತದೆ.

ಮೂರನೆಯದು ತೀರಾ ಸಣ್ಣ ವಿಷಯ, ಆದರೆ ಬಿಡುವಂತಿಲ್ಲ. ತಲೆಗೆ ಎಣ್ಣೆ ಹಚ್ಚಿ ಕಳಿಸಬೇಡಿ. ಎಣ್ಣೆ, ಬೆವರು ಇದ್ದರೆ ಚರ್ಮಕ್ಕೂ ಎಲೆಕ್ಟ್ರೋಡಿಗೂ ಸಂಪರ್ಕ ಸರಿಯಾಗುವುದಿಲ್ಲ. ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ, ಕೂದಲು ಒಣಗಿರಲಿ.

ಫಿಟ್ಸ್ ಚೆನ್ನಾಗಿ ಬಂತಾ ಅಂತ ಅವರು ಹೇಗೆ ನೋಡುತ್ತಾರೆ?

ಒಂದು ಕೈಗೆ ಅಥವಾ ಕಾಲಿಗೆ ಬಿಪಿ ಪಟ್ಟಿ ಬಿಗಿದು, ಸ್ನಾಯು ಸಡಿಲಿಸುವ ಔಷಧಿ ಅಲ್ಲಿಗೆ ಹೋಗದಂತೆ ತಡೆಯುತ್ತಾರೆ. ಆ ಭಾಗ ಎಷ್ಟು ಸೆಕೆಂಡು ಅಲುಗಿತು ಅಂತ ಎಣಿಸುತ್ತಾರೆ. ಜೊತೆಗೆ ಮೆದುಳಿನ ವಿದ್ಯುತ್ ಅಲೆಗಳನ್ನು ಗೆರೆಗಳಾಗಿ ತೋರಿಸುವ ಇಇಜಿ ಇರುತ್ತದೆ. 15-20 ಸೆಕೆಂಡಿಗಿಂತ ಕಡಿಮೆ ಆದರೆ ಸಾಲದು. ಎರಡು ಮೂರು ನಿಮಿಷ ಮೀರಿದರೆ ಔಷಧಿ ಕೊಟ್ಟು ನಿಲ್ಲಿಸುತ್ತಾರೆ. ಉದ್ದ ಒಂದನ್ನೇ ನೋಡಿದರೂ ಸಾಲದು. ಇಇಜಿಯಲ್ಲಿ ಎತ್ತರದ ಅಲೆಗಳು ಬಂದು, ಕೊನೆಯಲ್ಲಿ ಗೆರೆ ಥಟ್ಟನೆ ಚಪ್ಪಟೆಯಾದರೆ ಅದು ಒಳ್ಳೆಯ ಫಿಟ್ಸ್‌ನ ಗುರುತು. ಈ ಗೆರೆಗಳಿಂದ ಯಾರಿಗೆ ಗುಣವಾಗುತ್ತದೆ ಅಂತ ಮೊದಲೇ ಊಹಿಸುವ ಕೆಲಸವನ್ನು ಡಾ. ಬಿ.ಎನ್. ಗಂಗಾಧರ್ ಮತ್ತು ಸಹೋದ್ಯೋಗಿಗಳು ನಿಮ್ಹಾನ್ಸ್‌ನಲ್ಲಿ 1990ರ ದಶಕದಲ್ಲೇ ಮಾಡಿದ್ದರು.

ಯಾವ ಕಾಯಿಲೆಗೆ ಹೆಚ್ಚು ಫಲ?

ಕೆಟಟೋನಿಯಾಕ್ಕೆ, ಅಂದರೆ ಮಾತು, ಊಟ, ಚಲನೆ ಎಲ್ಲ ನಿಂತು ಮರದ ಹಾಗೆ ಆಗಿಬಿಡುವ ಸ್ಥಿತಿಗೆ. ಅದಕ್ಕೆ ಮೊದಲು ಲೊರಾಜೆಪಾಮ್ ಕೊಟ್ಟು ನೋಡುತ್ತಾರೆ, ಆಗದಿದ್ದರೆ ಇಸಿಟಿ. ಭ್ರಮೆ, ಕಿವಿಯಲ್ಲಿ ಧ್ವನಿ ಸೇರಿಕೊಂಡ ತೀವ್ರ ಖಿನ್ನತೆಗೂ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಅಮ್ಮನಿಗೆ ಇದ್ದದ್ದು ಇದೇ. ತೀವ್ರ ಉನ್ಮಾದಕ್ಕೂ ಬಳಸುತ್ತಾರೆ.

ಸ್ಕಿಜೋಫ್ರೇನಿಯಾದಲ್ಲಿ, ಬೇರೆ ಔಷಧಿಗಳು ಫಲ ಕೊಡದಾಗ ಕೊಡುವ ಕ್ಲೋಜಪಿನ್ ಮಾತ್ರೆಗೂ ಬಗ್ಗದವರಿಗೆ ಒಂದು ಭರವಸೆ ಇದೆ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 39 ಜನರ ಅಧ್ಯಯನದಲ್ಲಿ ಕ್ಲೋಜಪಿನ್ ಜೊತೆ ಇಸಿಟಿ ಸೇರಿಸಿದವರಲ್ಲಿ ಅರ್ಧ ಜನ ಸುಧಾರಿಸಿದರು. ಕ್ಲೋಜಪಿನ್ ಮಾತ್ರ ಮುಂದುವರಿಸಿದವರಲ್ಲಿ ಒಬ್ಬರೂ ಇಲ್ಲ. ಚಿಕ್ಕ ಅಧ್ಯಯನ, ನಿಜ. ಆದರೆ ಎಲ್ಲ ದಾರಿ ಮುಚ್ಚಿತು ಅಂತ ಕೂತ ತಂದೆ ತಾಯಿಗೆ ಇದು ಸಣ್ಣ ಮಾತಲ್ಲ.

ವಾರಕ್ಕೆ ಎಷ್ಟು? ಒಟ್ಟು ಎಷ್ಟು?

ವಾರಕ್ಕೆ ಎರಡು ಅಥವಾ ಮೂರು, ಒಟ್ಟು ಸಾಮಾನ್ಯವಾಗಿ 6ರಿಂದ 12. ಮೂರು ಕೊಟ್ಟರೆ ಬೇಗ ಗುಣ ಕಾಣುತ್ತದೆ, ಮರೆವೂ ಹೆಚ್ಚು. ಎರಡು ಕೊಟ್ಟರೂ ಕೊನೆಗೆ ತಲುಪುವ ಜಾಗ ಹೆಚ್ಚುಕಡಿಮೆ ಅದೇ. ಮೊದಲೇ "ಆರು" ಅಂತ ನಿಗದಿ ಮಾಡಿ ಆರಕ್ಕೆ ನಿಲ್ಲಿಸುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಪ್ರತಿ ಸಲ ಸುಧಾರಣೆ ಅಳೆಯಬೇಕು. ಏರುತ್ತಾ ಇದ್ದರೆ ಮುಂದುವರಿಸಬೇಕು, ಸತತ ಎರಡು ಸಲ ಹೊಸ ಸುಧಾರಣೆ ಕಾಣದಿದ್ದರೆ ನಿಂತು ಯೋಚಿಸಬೇಕು. ಅಮ್ಮ ಮೊದಲ ಸಲ ಅರ್ಧ ಗುಣವಾದಾಗಲೇ ಮನೆಗೆ ಬಂದಿದ್ದರು. ಪೂರ್ತಿ ಗುಣವಾಗದೆ ನಿಲ್ಲಿಸಿದರೆ ಕಾಯಿಲೆ ಬೇಗ ಮರಳುತ್ತದೆ.

ಮರೆವು ಶಾಶ್ವತವಾ?

ಪ್ರತಿ ಸಲ ಎಚ್ಚರವಾದ ಮೇಲೆ ಸ್ವಲ್ಪ ಹೊತ್ತು ಗೊಂದಲ ಇರುತ್ತದೆ. ಚಿಕಿತ್ಸೆ ನಡೆಯುವ ವಾರಗಳಲ್ಲಿ ಹೊಸದನ್ನು ನೆನಪಿಡುವುದು ಕಷ್ಟ. ಇದು ಮುಗಿದ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆದರೆ ಚಿಕಿತ್ಸೆಯ ಹಿಂದುಮುಂದಿನ ವಾರಗಳ, ಕೆಲವರಿಗೆ ತಿಂಗಳುಗಳ ನೆನಪುಗಳಲ್ಲಿ ಕೆಲವು ಮರಳದೇ ಇರಬಹುದು. ಅಮ್ಮನಿಗೆ ನನ್ನ ತಂಗಿಯ ಸೀಮಂತ ನೆನಪಿಲ್ಲ. ಫೋಟೊ ತೋರಿಸಿದರೆ ನೋಡುತ್ತಾರೆ, ನಗುತ್ತಾರೆ, ಆದರೆ ನೆನಪು ಬರುವುದಿಲ್ಲ. ಇದನ್ನು ಮುಚ್ಚಿಟ್ಟು ಚಿಕಿತ್ಸೆಗೆ ಒಪ್ಪಿಸಬಾರದು. ಮೊದಲೇ ಹೇಳಬೇಕು.

ಎಚ್ಚರವಾದ ಮೇಲೆ ಹೆಸರು, ಜಾಗ, ದಿನ ಹೇಳಲು ಎಷ್ಟು ನಿಮಿಷ ಬೇಕಾಯಿತು ಅಂತ ಗಮನಿಸಿ. ಆ ಹೊತ್ತು ಉದ್ದವಾಗುತ್ತಾ ಹೋದರೆ ಹಳೆಯ ನೆನಪು ಹೋಗುವ ಸಂಭವ ಹೆಚ್ಚು. ಆಗ ಅಂತರ ಹೆಚ್ಚಿಸಬಹುದು, ಬಲಗಡೆಗೆ ಬದಲಿಸಬಹುದು.

ಜೀವಕ್ಕೆ ಅಪಾಯ?

ಬಹಳ ಕಡಿಮೆ. ಒಂದು ಲಕ್ಷ ಸಲ ಕೊಟ್ಟರೆ ಸುಮಾರು ಎರಡು ಸಾವು ಅಂತ ಹಲವು ದೇಶಗಳ ಅಂಕಿ ಅಂಶ ಹೇಳುತ್ತದೆ. ಹೃದಯ, ಬಿಪಿ, ತಲೆಯೊಳಗಿನ ಗೆಡ್ಡೆ ಇಂಥವನ್ನು ಮೊದಲೇ ಪರೀಕ್ಷಿಸುತ್ತಾರೆ. ವಯಸ್ಸಾದವರಿಗೂ ಗರ್ಭಿಣಿಯರಿಗೂ ಸರಿಯಾದ ಎಚ್ಚರಿಕೆಯಿಂದ ಕೊಡಬಹುದು.

ಈಗ ಕೆಟಮಿನ್ ಬಂದಿದೆಯಲ್ಲ, ಇಸಿಟಿ ಯಾಕೆ?

ಮೇಲೆ ಹೇಳಿದ ಅರಿವಳಿಕೆ ಔಷಧಿ ಕೆಟಮಿನ್ ಅನ್ನು ಈಗ ಖಿನ್ನತೆಗೂ ಕೊಡುತ್ತಾರೆ. 2023ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಕೆಟಮಿನ್ ಪಡೆದವರಲ್ಲಿ ಶೇ. 55, ಇಸಿಟಿ ಪಡೆದವರಲ್ಲಿ ಶೇ. 41 ಜನ ಸುಧಾರಿಸಿದರು. ಆದರೆ ಅದರಲ್ಲಿ ಭ್ರಮೆ ಇರುವ ಖಿನ್ನತೆಯವರನ್ನು ಸೇರಿಸಿರಲಿಲ್ಲ. ಹೆಚ್ಚಿನವರು ಮನೆಯಿಂದ ಬಂದು ಹೋಗುವವರು. ಸ್ವೀಡನ್ನಿನಲ್ಲಿ ಆಸ್ಪತ್ರೆಯಲ್ಲೇ ದಾಖಲಾಗಿದ್ದವರ ಮೇಲೆ ನಡೆದ ಅಧ್ಯಯನದಲ್ಲಿ ಇಸಿಟಿಯೇ ಮುಂದಿತ್ತು: ಶೇ. 63ಕ್ಕೆ ಎದುರು ಶೇ. 46. ಕಾಯಿಲೆ ಎಷ್ಟು ತೀವ್ರವೋ ಇಸಿಟಿಯ ಪಾಲು ಅಷ್ಟು ಹೆಚ್ಚು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಯೋಗ ಮಾಡಿದರೆ ಸಾಲದಾ?

ನಿಮ್ಹಾನ್ಸ್‌ನಲ್ಲೇ ಇದನ್ನು ನೋಡಿದ್ದಾರೆ. 2000ದಲ್ಲಿ ಪ್ರಕಟವಾದ 45 ಜನರ ಅಧ್ಯಯನದಲ್ಲಿ ಇಸಿಟಿ ಪಡೆದವರಲ್ಲಿ ಶೇ. 93, ಖಿನ್ನತೆಯ ಮಾತ್ರೆ ಇಮಿಪ್ರಮಿನ್ ತೆಗೆದುಕೊಂಡವರಲ್ಲಿ ಶೇ. 73, ಸುದರ್ಶನ ಕ್ರಿಯೆ ಮಾಡಿದವರಲ್ಲಿ ಶೇ. 67 ಜನ ಗುಣವಾದರು. ಉಸಿರಾಟದ ಅಭ್ಯಾಸಕ್ಕೆ ಬೆಲೆ ಇದೆ. ಆದರೆ ಊಟ ಬಿಟ್ಟು ಮಲಗಿದವರನ್ನು ಮೊದಲು ಎಬ್ಬಿಸಬೇಕು, ಅಲ್ವಾ?

ಗುಣವಾಯ್ತು. ಇನ್ನು ಮಾತ್ರೆ ಯಾಕೆ?

ನಾವು ಎಡವಿದ್ದು ಇಲ್ಲೇ. ಅಮ್ಮ ಚೆನ್ನಾಗಿದ್ದಾರೆ ಅಂತ ಮಾತ್ರೆ ನಿಲ್ಲಿಸಿದೆವು. ಮುಂದೇನು ಅಂತ ಯಾರೂ ಕೂರಿಸಿ ಹೇಳಿರಲಿಲ್ಲ, ನಾವೂ ಕೇಳಲಿಲ್ಲ. ನಾಟಿ ಮಾಡಿ ನೀರು ಕಟ್ಟದೆ ಬಿಟ್ಟ ಗದ್ದೆಯ ಹಾಗಾಯಿತು.

ಇಸಿಟಿ ಎಬ್ಬಿಸುತ್ತದೆ, ನಿಲ್ಲಿಸಿಕೊಳ್ಳುವುದು ಬೇರೆ ಕೆಲಸ. 2001ರ ಒಂದು ಅಧ್ಯಯನದಲ್ಲಿ ಇಸಿಟಿಯಿಂದ ಗುಣವಾದವರನ್ನು 24 ವಾರ ಗಮನಿಸಿದರು. ಸುಮ್ನೆ ಸಕ್ಕರೆ ಮಾತ್ರೆ ಕೊಟ್ಟವರಲ್ಲಿ ಶೇ. 84 ಜನರಿಗೆ ಕಾಯಿಲೆ ಮರಳಿತು. ಖಿನ್ನತೆಯ ಮಾತ್ರೆ ನಾರ್ಟ್ರಿಪ್ಟಿಲಿನ್ ಒಂದನ್ನೇ ಕೊಟ್ಟವರಲ್ಲಿ ಶೇ. 60. ನಾರ್ಟ್ರಿಪ್ಟಿಲಿನ್ ಜೊತೆ ಲಿಥಿಯಂ ಕೊಟ್ಟವರಲ್ಲಿ ಶೇ. 39. ಈ ಮೂರು ಅಂಕಿಗಳನ್ನು ನಾನು ಎಲ್ಲ ಕುಟುಂಬಗಳಿಗೂ ಹೇಳುತ್ತೇನೆ. ಮೊದಲ ಆರು ತಿಂಗಳೇ ಹೆಚ್ಚು ಅಪಾಯದ ಕಾಲ.

ಇನ್ನೊಂದು ದಾರಿ ಇಸಿಟಿಯನ್ನೇ ಒಮ್ಮೆಲೇ ನಿಲ್ಲಿಸದೆ ನಿಧಾನವಾಗಿ ಅಂತರ ಹೆಚ್ಚಿಸುವುದು. ವಾರಕ್ಕೊಂದು, ಹದಿನೈದು ದಿನಕ್ಕೊಂದು, ತಿಂಗಳಿಗೊಂದು. 60 ದಾಟಿದವರ ಮೇಲೆ ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆಗಳ ಜೊತೆ ಹೀಗೆ ಇಸಿಟಿ ಮುಂದುವರಿಸಿದವರು ಮಾತ್ರೆ ಮಾತ್ರ ತೆಗೆದುಕೊಂಡವರಿಗಿಂತ ಚೆನ್ನಾಗಿ ಉಳಿದರು. ಅಮ್ಮನಿಗೆ ಎರಡನೇ ಸಲ ಹೀಗೇ ಮಾಡಿದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದರು.

ಹತ್ತಿರದಲ್ಲಿ ಯಾರನ್ನು ಕೇಳುವುದು?

ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ವೈದ್ಯಕೀಯ ಕಾಲೇಜುಗಳ ಮನೋರೋಗ ವಿಭಾಗದಲ್ಲೂ ವಿಚಾರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಆತ್ಮಹತ್ಯೆಯ ಮಾತು ಬಂದಿದ್ದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಈಗಲೇ ಕರೆದುಕೊಂಡು ಹೋಗಿ.

ನಾವು ಏನು ಬರೆದಿಟ್ಟುಕೊಳ್ಳಬೇಕು?

ಒಂದು ಚಿಕ್ಕ ನೋಟ್‌ಬುಕ್ ಇಡಿ. ಪ್ರತಿ ಇಸಿಟಿಯ ತಾರೀಖು, ಎಲ್ಲಿ ಕೊಟ್ಟರು, ಡೋಸ್ ಎಷ್ಟು, ಫಿಟ್ಸ್ ಎಷ್ಟು ಸೆಕೆಂಡು, ಹಿಂದಿನ ದಿನ ಯಾವ ಮಾತ್ರೆ ಕೊಟ್ಟಿದ್ದಿರಿ, ಎಚ್ಚರವಾಗಿ ಹೆಸರು ಹೇಳಲು ಎಷ್ಟು ಹೊತ್ತಾಯಿತು, ಅವತ್ತು ಊಟ ನಿದ್ದೆ ಹೇಗಿತ್ತು. ಡೋಸ್, ಸೆಕೆಂಡು ನರ್ಸ್ ಹತ್ತಿರ ಕೇಳಿದರೆ ಹೇಳುತ್ತಾರೆ. ಕಾಯಿಲೆ ಮತ್ತೆ ಬಂದು, ಬೇರೆ ವೈದ್ಯರ ಮುಂದೆ ಕೂತಾಗ ಅವರು ಮೊದಲು ಕೇಳುವುದು ಇದನ್ನೇ. ನಮ್ಮನ್ನೂ ಕೇಳಿದ್ದರು. ನಮ್ಮ ಕೈಯಲ್ಲಿದ್ದ ಡಿಸ್ಚಾರ್ಜ್ ಚೀಟಿಯಲ್ಲಿ ಒಂದೇ ಸಾಲು ಇತ್ತು: 6 ಇಸಿಟಿ ಕೊಡಲಾಗಿದೆ.